ಗುಮ್ಮಟದ ಕೆಳಗಿನ ಠಸ್ಸೆಗಳು

ಕಳೆದ ಏಪ್ರಿಲ್ ತಿಂಗಳ ಮೂರನೆಯ ವಾರದಲ್ಲಿ ಒಂದು ರಾತ್ರಿ, ಹತ್ತು ಗಂಟೆಯ ಮೇಲೆ, ದೂರವಾಣಿ ಬಾರಿಸಿತು. ಈ ವಯಸ್ಸಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಮಾತನಾಡಿದವನು ಮುಂಬಯಿಯ ನನ್ನ ಹಳೆಯ ವಿದ್ಯಾರ್ಥಿ. ಈಗ ಠಾಣೆಯಲ್ಲಿ ಸ್ವಂತ ಹೋಟೆಲು ನಡೆಸುತ್ತಿದ್ದಾನೆ, ಮೊಮ್ಮಕ್ಕಳಾಗಿವೆ. ಕ್ಷೇಮಸಮಾಚಾರವನ್ನೂ ಕೇಳದೆ ಅವನು ಆಡಿದ ಮೊದಲ ಮಾತು ಇದು: “ಮಾಸ್ಟ್ರೇ, ಅಜ್ಜನ ಆ ಕಾರ್ಡು ಉಂಟಾ ನಿಮ್ಮ ಹತ್ತಿರ? ಅದರ ತಾರೀಕು ಹದಿನಾಲ್ಕೇ ಅಲ್ಲವಾ?”

ಯಾವ ಕಾರ್ಡು ಎಂದು ನಾನು ಕೇಳಲಿಲ್ಲ. ಅಂತಹ ಪ್ರಶ್ನೆಯೊಂದು ಎಂದಾದರೂ ಬಂದೀತು ಎಂದು ನಾನು ಸುಮಾರು ನಲವತ್ತು ವರ್ಷಗಳಿಂದ ಒಳಗೊಳಗೇ ಅಂಜುತ್ತಿದ್ದೆ. “ಹೌದು, ಹದಿನಾಲ್ಕು. ನಾಳೆ ನಾನೇ ಫೋನು ಮಾಡುತ್ತೇನೆ” ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆ ರಾತ್ರಿ ನಿದ್ರೆ ಬರಲಿಲ್ಲ. ಈ ಬರಹದಲ್ಲಿ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ಅದನ್ನು ಹೇಳುವ ಮುನ್ನ ಅಂಚೆ ಮುದ್ರೆಗಳ ಈ ಹುಚ್ಚು ನನಗೆ ಹತ್ತಿದ ಬಗೆಯನ್ನು ಹೇಳದಿದ್ದರೆ ನಿಮಗೆ ಅರ್ಥವಾಗಲಾರದು. ನನ್ನ ಆಲ್ಬಮ್ಮುಗಳನ್ನು ಕಂಡು ನಕ್ಕಿರುವ ಬಂಧುಗಳೂ ಸ್ವಲ್ಪ ತಾಳ್ಮೆಯಿಂದ ಓದಬೇಕು.

ನಾನು ಮುಂಬಯಿಗೆ ಹೋದದ್ದು 1969ರ ಜೂನ್ ತಿಂಗಳಲ್ಲಿ. ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಕನ್ನಡ ಪಂಡಿತನ ಕೆಲಸ. ಊರು ಬಿಜಾಪುರ, ಅಲ್ಲಿಯವರೆಗೆ ಸೊಲ್ಲಾಪುರಕ್ಕಿಂತ ದೊಡ್ಡ ಪಟ್ಟಣವನ್ನು ಕಂಡವನಲ್ಲ. ವಿ.ಟಿ. ಸ್ಟೇಷನ್ನಿನಲ್ಲಿ ಇಳಿದಾಗ ಧೋ ಎಂದು ಮಳೆ. ಸುಖವಾಗಿ ತಲುಪಿದ್ದೇನೆಂದು ತಾಯಿಗೆ ಒಂದು ಕಾರ್ಡು ಹಾಕಬೇಕೆಂದು, ಪೋಸ್ಟಾಫೀಸು ಎಲ್ಲಿ ಎಂದು ಹಮಾಲನೊಬ್ಬನನ್ನು ಕೇಳಿದೆ. ಅವನು ಕೈಮಾಡಿ ತೋರಿದ ಕಡೆ ನೋಡಿದರೆ ಮಳೆಯ ಪರದೆಯ ಆಚೆಗೆ ನಮ್ಮೂರ ಗೋಲಗುಮ್ಮಟ ನಿಂತಿದೆ!

ನನ್ನ ಕಣ್ಣಿನ ಭ್ರಮೆ ಅದಾಗಿರಲಿಲ್ಲ. ಮುಂಬಯಿಯ ಪ್ರಧಾನ ಅಂಚೆ ಕಚೇರಿಯನ್ನು ಜಾನ್ ಬೆಗ್ ಎಂಬ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಬಿಜಾಪುರದ ಆದಿಲಶಾಹಿ ಕಟ್ಟಡಗಳ ಮಾದರಿಯಲ್ಲಿ ರೂಪಿಸಿದನು. ನಡುವಣ ಗುಮ್ಮಟಕ್ಕೆ ಗೋಲಗುಮ್ಮಟವೇ ಸ್ಫೂರ್ತಿ. 1904ರಲ್ಲಿ ಆರಂಭವಾದ ಕಟ್ಟಡ 1913ರಲ್ಲಿ ಮುಗಿಯಿತು. ಕರಿಯ ಬಸಾಲ್ಟ್ ಕಲ್ಲು, ನಡುನಡುವೆ ಹಳದಿ ಮತ್ತು ಬಿಳಿಯ ಕಲ್ಲಿನ ಅಂಚು. ಅದಕ್ಕೆ ಮೊದಲು ಪ್ರಧಾನ ಕಚೇರಿ ಇದ್ದದ್ದು ಫ್ಲೋರಾ ಫೌಂಟನ್ ಬಳಿಯ ಕಟ್ಟಡವೊಂದರಲ್ಲಿ. ಅದು ಮುಂದೆ ತಂತಿ ಕಚೇರಿಯಾಯಿತು. ತಂತಿಯ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋದದ್ದು ನಿಮಗೆಲ್ಲ ಗೊತ್ತು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ತಿಳಿದದ್ದು ಇಷ್ಟೇ: ಪರಊರಿನಲ್ಲಿ ನನ್ನ ಊರಿನದೊಂದು ತುಂಡು ಇದೆ, ಅದರ ಕೆಳಗೆ ನಿಂತು ತಾಯಿಗೆ ಕಾರ್ಡು ಬರೆಯಬಹುದು. ಮೂರು ತಿಂಗಳವರೆಗೆ ಪ್ರತಿ ಭಾನುವಾರವೂ, ಕಚೇರಿ ಮುಚ್ಚಿದ್ದರೂ ಸರಿ, ಆ ಕಟ್ಟಡವನ್ನು ಒಮ್ಮೆ ನೋಡಿ ಬರುತ್ತಿದ್ದೆ.

ಕಟ್ಟಡದ ಎದುರಿಗೆ, ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಯ ಪಕ್ಕದಲ್ಲಿ, ತಾಡಪತ್ರಿಯ ಕೆಳಗೆ ಸಾಲಾಗಿ ಪತ್ರ ಬರೆದುಕೊಡುವವರು ಕುಳಿತಿರುತ್ತಿದ್ದರು. ಓದುಬರಹ ಬಾರದವರ ಪತ್ರ, ಮನಿಯಾರ್ಡರ್ ಫಾರಮ್ಮು, ಪಾರ್ಸೆಲ್ಲಿಗೆ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತುವುದು, ಎಲ್ಲವೂ ಅವರ ಕೆಲಸ. ಹೇಳುವವನ ದುಃಖಕ್ಕೆ ಅವರ ಮುಖದ ಗೆರೆ ಬದಲಾಗುತ್ತಿರಲಿಲ್ಲ. ನನ್ನ ಅನೇಕ ವಿದ್ಯಾರ್ಥಿಗಳು ಮೊದಮೊದಲು ಹಿಂದಿಯಲ್ಲಿ ಹೇಳಿ ಅವರ ಕೈಯಿಂದಲೇ ಮನಿಯಾರ್ಡರ್ ಬರೆಸುತ್ತಿದ್ದರು. ನನ್ನ ತರಗತಿಯ ಮೊದಲ ಪಾಠ ವರ್ಣಮಾಲೆಯಾಗಿರಲಿಲ್ಲ, ಮನಿಯಾರ್ಡರ್ ಫಾರಮ್ಮು ತುಂಬುವುದಾಗಿತ್ತು. ಅದಕ್ಕೆ ಮುಖ್ಯೋಪಾಧ್ಯಾಯರು ಒಮ್ಮೆ ಹುಬ್ಬು ಗಂಟಿಕ್ಕಿದ್ದುಂಟು. ಆದರೆ ತನ್ನ ತಾಯಿಯ ಹೆಸರನ್ನು ತಾನೇ ಬರೆದು ಹತ್ತು ರೂಪಾಯಿ ಕಳಿಸಿದ ಹುಡುಗ ಮರುದಿನದಿಂದ ಶಾಲೆ ತಪ್ಪಿಸುತ್ತಿರಲಿಲ್ಲ.

ಹುಡುಗರೆಲ್ಲ ಹೆಚ್ಚಾಗಿ ದಕ್ಷಿಣ ಕನ್ನಡದವರು. ಹಗಲೆಲ್ಲ ಹೋಟೆಲುಗಳಲ್ಲಿ ಟೇಬಲ್ಲು ಒರೆಸಿ, ಕಪ್ಪು-ಬಸಿ ತೊಳೆದು, ಸಂಜೆ ಏಳರ ಹೊತ್ತಿಗೆ ತಲೆಗೆ ನೀರು ಸವರಿಕೊಂಡು ತರಗತಿಗೆ ಬರುತ್ತಿದ್ದರು. ಒಂಬತ್ತು ಗಂಟೆಗೆ ಅರ್ಧದಷ್ಟು ತಲೆಗಳು ಮೇಜಿನ ಮೇಲಿರುತ್ತಿದ್ದವು, ನಾನು ಎಬ್ಬಿಸುತ್ತಿರಲಿಲ್ಲ.

ಊರಿನಿಂದ ಬಂದ ಪತ್ರಗಳನ್ನು ಓದಿಸಿಕೊಳ್ಳಲು ಅವರು ನನ್ನ ಬಳಿ ತರುತ್ತಿದ್ದರು. ಹಾಗೆ ಓದುವಾಗ ಒಂದು ದಿನ ನನ್ನ ಗಮನ ಲಕೋಟೆಯ ಮೇಲಿನ ದುಂಡು ಠಸ್ಸೆಯ ಮೇಲೆ ಬಿತ್ತು. ಊರು, ತಾರೀಕು, ಹೊತ್ತು, ಎಲ್ಲ ಅದರಲ್ಲಿದೆ. ಹಿಂಬದಿಯಲ್ಲಿ ಮುಂಬಯಿಯ ಬಟವಾಡೆಯ ಠಸ್ಸೆ. ಇವೆರಡನ್ನೂ ಓದಬಲ್ಲವನಿಗೆ ಆ ಕಾಗದ ದಾರಿಯಲ್ಲಿ ಎಷ್ಟು ದಿನ ಕಳೆಯಿತೆಂಬುದು ತಿಳಿಯುತ್ತದೆ. ಅಂಚೆಚೀಟಿ ಸಂಗ್ರಹಿಸುವವರು ಬಹಳ ಮಂದಿ. ಅದರ ಮೇಲೆ ಬಿದ್ದ ಮಸಿಯ ಗುರುತನ್ನು ಸಂಗ್ರಹಿಸುವವರೂ ಇದ್ದಾರೆಂದು ನನಗೆ ಆಗ ತಿಳಿದಿರಲಿಲ್ಲ. ಚೀಟಿಗೆ ದುಡ್ಡು ಬೇಕು, ಠಸ್ಸೆ ಪುಕ್ಕಟೆ ಸಿಗುತ್ತದೆ ಎಂಬ ಮಾಸ್ತರಿಕೆಯ ಲೆಕ್ಕವೂ ಅದರಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಜಗತ್ತಿನ ಠಸ್ಸೆಗಳನ್ನೆಲ್ಲ ಕೂಡಿಹಾಕುವುದು ಆಗದ ಮಾತು. ಆದ್ದರಿಂದ ಒಂದೇ ಕಚೇರಿ, ನಮ್ಮ ಗುಮ್ಮಟದ ಕಚೇರಿ ಮತ್ತು ಅದರ ಪೂರ್ವಜರು, ಎಂದು ಗಡಿ ಹಾಕಿಕೊಂಡೆ.

ಠಸ್ಸೆಯ ಇತಿಹಾಸ ದೊಡ್ಡದು. ಪತ್ರದ ಮೇಲೆ ತಾರೀಕಿನ ಮುದ್ರೆ ಒತ್ತುವ ಪದ್ಧತಿಯನ್ನು 1661ರಲ್ಲಿ ಇಂಗ್ಲೆಂಡಿನಲ್ಲಿ ಹೆನ್ರಿ ಬಿಷಪ್ ಎಂಬ ಅಂಚೆಯ ಅಧಿಕಾರಿ ಜಾರಿಗೆ ತಂದನು. ಪತ್ರಗಳನ್ನು ತಡಮಾಡುತ್ತಾರೆಂಬ ದೂರಿಗೆ ಅದೇ ಉತ್ತರ. ನಮ್ಮಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಅಂಚೆಚೀಟಿಗಳು ಬಂದದ್ದು 1854ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲಿನ ಪತ್ರಗಳಲ್ಲಿ ಚೀಟಿಯಿಲ್ಲ. ಹಣ ಮುಂಗಡ ಕೊಟ್ಟಿದ್ದರೆ ‘ಪೇಯ್ಡ್’ ಎಂದೂ, ಪಡೆಯುವವನೇ ತೆರಬೇಕಾಗಿದ್ದರೆ ‘ಬೇರಿಂಗ್’ ಎಂದೂ ಗುರುತು. ಚೀಟಿ ಬಂದ ಮೇಲೆ ಅದನ್ನು ಮತ್ತೊಮ್ಮೆ ಬಳಸದಂತೆ ಕಂಬಿಗಳ, ಚುಕ್ಕಿಗಳ ದಪ್ಪ ಗುರುತಿನಿಂದ ಕೆಡಿಸುತ್ತಿದ್ದರು. ತಾರೀಕಿನ ಠಸ್ಸೆ ಬೇರೆ ಜಾಗದಲ್ಲಿ. ಒಂದು ಪತ್ರಕ್ಕೆ ಎರಡು ಏಟು! ಮುಂದೆ ಯಾರೋ ಜಾಣರು ಎರಡನ್ನೂ ಒಂದೇ ಹಿಡಿಗೆ ಜೋಡಿಸಿದರು. ಒಂದು ಬದಿಗೆ ತಾರೀಕಿನ ವೃತ್ತ, ಪಕ್ಕದಲ್ಲಿ ಚೀಟಿ ಕೆಡಿಸುವ ಕಂಬಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವೃತ್ತದ ಸುತ್ತ ನಾಲ್ಕು ಮೂಲೆಗಳನ್ನು ಗೆರೆಗಳಿಂದ ತುಂಬಿ ಚೌಕ ಮಾಡಿದ ಠಸ್ಸೆಗಳು ಬಂದವು. ನನ್ನ ಕಣ್ಣಿಗೆ ಅವೇ ಎಲ್ಲಕ್ಕಿಂತ ಚೆಲುವಾದವು; ನಮ್ಮ ಹೆಣ್ಣುಮಕ್ಕಳು ಹೊಸ್ತಿಲ ಮುಂದೆ ಹಾಕುವ ರಂಗೋಲಿಯಂತೆ ಕಾಣುತ್ತವೆ.

ಬಂದರಿನ ಊರಾದ್ದರಿಂದ ಮುಂಬಯಿಯ ಠಸ್ಸೆಗಳಲ್ಲಿ ಸಮುದ್ರದ ವಾಸನೆಯಿದೆ. 1868ರಿಂದ ಹಡಗಿನಲ್ಲಿಯೇ ಪತ್ರ ವಿಂಗಡಿಸುವ ‘ಸೀ ಪೋಸ್ಟ್ ಆಫೀಸ್’ ಮುಂಬಯಿಗೂ ಸುಯೆಜ್ ಕಡೆಗೂ ನಡುವೆ ಕೆಲಸ ಮಾಡುತ್ತಿತ್ತು. ಗುಮಾಸ್ತರು ಅಲೆಯ ಹೊಯ್ದಾಟದಲ್ಲಿ ನಿಂತು, ಹಡಗು ಮುಂಬಯಿ ಮುಟ್ಟುವಷ್ಟರಲ್ಲಿ ವಿಲಾಯತಿಯ ಟಪಾಲನ್ನು ಊರೂರಿಗೆ ಬೇರ್ಪಡಿಸಿ ಕಟ್ಟಿಡುತ್ತಿದ್ದರು. ಹಡಗು ಬಿಡುವ ಮೊದಲು ತಲುಪದ ಪತ್ರಕ್ಕೆ ‘ಟೂ ಲೇಟ್’ ಎಂಬ ಮುದ್ರೆ. ಅಂತಹದು ನನ್ನಲ್ಲಿ ಒಂದಿದೆ. ಆ ಪತ್ರದಲ್ಲಿ ಏನಿತ್ತೋ, ತಡವಾದದ್ದರಿಂದ ಯಾರಿಗೆ ಏನಾಯಿತೋ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಟಪಾಲು ತಂದರಷ್ಟೆ. ಅಲ್ಲಿಂದ ಮದರಾಸಿಗೆ ಹೊರಟ ವಿಮಾನ ನಮ್ಮ ಬಳ್ಳಾರಿಯಲ್ಲಿ ಇಳಿದು ಹೋಗುತ್ತಿತ್ತು ಎಂಬುದನ್ನು ಬಳ್ಳಾರಿಯವರೇ ಮರೆತಿದ್ದಾರೆ. ಯುದ್ಧಕಾಲದ ಲಕೋಟೆಗಳಲ್ಲಿ ಸೆನ್ಸಾರಿನವರು ಒಡೆದು ಅಂಟಿಸಿದ ಪಟ್ಟಿ. ಸ್ವಾತಂತ್ರ್ಯ ಬಂದ ಹೊತ್ತಿನ ‘ಜೈಹಿಂದ್’. 1972ರ ಆಗಸ್ಟಿನಲ್ಲಿ ಪಿನ್‌ಕೋಡು ಬಂದ ಮೇಲಿನ ಠಸ್ಸೆಗಳಲ್ಲಿ 400001. 1995ರಲ್ಲಿ ಊರಿನ ಹೆಸರು ಬದಲಾದ ಮೇಲೆ ‘ಬಾಂಬೆ’ ಹೋಗಿ ‘ಮುಂಬಯಿ’. ಒಂದು ಊರಿನ ಚರಿತ್ರೆಯನ್ನು ಅಂಗುಲದಷ್ಟು ಮಸಿಯಲ್ಲಿ ಓದಬಹುದು ಎಂದು ತರಗತಿಯಲ್ಲಿ ನಾನು ಕೊರೆಯುತ್ತಿದ್ದುದು ನಿಮಗೆ ನೆನಪಿರಬಹುದು.

ಹಳೆಯ ಲಕೋಟೆಗಳು ಸಿಗುತ್ತಿದ್ದುದು ರದ್ದಿಯಲ್ಲಿ. ಹತ್ತಿ ವ್ಯಾಪಾರಿಗಳ, ಅರಿವೆ ವ್ಯಾಪಾರಿಗಳ ಪೇಢಿಗಳು ಹಳೆಯ ದಫ್ತರನ್ನು ಮಣದ ಲೆಕ್ಕದಲ್ಲಿ ಮಾರುತ್ತಿದ್ದವು. ಒಂದೂವರೆ ವರ್ಷ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ರದ್ದಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ದೆಸೆಯಿಂದ ನನ್ನ ಸಂಗ್ರಹ ಮೂರು ಪಟ್ಟು ಬೆಳೆಯಿತು. ಚೋರ್ ಬಜಾರಿನಲ್ಲಿಯೂ ಅಲೆದಿದ್ದೇನೆ. ಧಾರವಾಡದಿಂದ, ಬೆಳಗಾವಿಯಿಂದ ಬಂದ ಕಾಲಾಣೆಯ ಕಾರ್ಡುಗಳು ಅಲ್ಲಿ ಸಿಕ್ಕಾಗ ನೆಂಟರು ಸಿಕ್ಕಷ್ಟು ಸಂತೋಷ. ನಮ್ಮ ಜಿಲ್ಲೆಗಳು ಆಗ ಮುಂಬಯಿ ಇಲಾಖೆಯಲ್ಲಿದ್ದುವಲ್ಲ. ನಮ್ಮ ಅರ್ಜಿ, ವ್ಯಾಜ್ಯ, ವ್ಯಾಪಾರವೆಲ್ಲ ಇದೇ ಕಚೇರಿಯ ಮೂಲಕ ಹಾದುಹೋಗುತ್ತಿತ್ತು.

ಈಗ ಕತ್ತರಿಯ ವಿಷಯ. ಗುರುವಿಲ್ಲದ ವಿದ್ಯೆ ನನ್ನದು. ಮೊದಲ ಏಳೆಂಟು ವರ್ಷ ನಾನು ಮಾಡುತ್ತಿದ್ದುದೇನೆಂದರೆ, ಚೀಟಿ ಮತ್ತು ಠಸ್ಸೆ ಇರುವ ಮೂಲೆಯನ್ನು ಎರಡಂಗುಲದ ಚೌಕವಾಗಿ ಕತ್ತರಿಸಿ, ಆಲ್ಬಮ್ಮಿನಲ್ಲಿ ಅಂಟಿಸಿ, ಉಳಿದದ್ದನ್ನು ಬುಟ್ಟಿಗೆ ಹಾಕುವುದು. ಅಚ್ಚುಕಟ್ಟಾಗಿ ಕಾಣುತ್ತಿತ್ತು. ಒಂದು ಪುಟಕ್ಕೆ ಹನ್ನೆರಡು ಚೌಕ ಹಿಡಿಯುತ್ತಿತ್ತು.

ಆ ಹುಡುಗ ಕಾರ್ಕಳದ ಕಡೆಯವನು. 1973ರಲ್ಲಿ ಅವನಿಗೆ ಹದಿನೈದು ವರ್ಷ. ಕೋಟೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ. ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದ. ಕೈಬರಹ ಓದಲು ಬರುತ್ತಿರಲಿಲ್ಲ. ಒಂದು ರಾತ್ರಿ ತರಗತಿ ಮುಗಿದ ಮೇಲೆ ನಿಂತುಕೊಂಡ. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಅಂಚೆಕಾರ್ಡನ್ನು ತೆಗೆದ. ಅವನ ಅಜ್ಜ ಯುದ್ಧದ ಕಾಲದಲ್ಲಿ ಮುಂಬಯಿಯ ಖಾನಾವಳಿಯೊಂದರಲ್ಲಿ ಅಡುಗೆಗಿದ್ದವರು. ಒಂದು ವರ್ಷದ ಬೇಸಿಗೆಯಿಂದ ಅವರ ಸುದ್ದಿಯೇ ಇಲ್ಲ. ಇನ್ನೊಂದು ಸಂಸಾರ ಹೂಡಿಕೊಂಡಿದ್ದಾರೆಂದು ಊರವರು ಆಡಿಕೊಂಡರು. ಅಜ್ಜಿ ಹಾಗೆಂದು ನಂಬಲಿಲ್ಲ, ಕುಂಕುಮವನ್ನೂ ಅಳಿಸಲಿಲ್ಲ. ಮೊಮ್ಮಗ ಮುಂಬಯಿಗೆ ಹೊರಟಾಗ, ಅವರು ಕಳಿಸಿದ ಕೊನೆಯ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು, “ಇದರಲ್ಲಿ ವಿಳಾಸ ಉಂಟು, ಒಮ್ಮೆ ಹೋಗಿ ವಿಚಾರಿಸು ಮಗಾ” ಎಂದು ಕೊಟ್ಟಿದ್ದರಂತೆ.

ನಾನು ವಿಳಾಸವನ್ನು ಓದಿ ಹೇಳಿದೆ. ಮಸ್ಜಿದ್ ಬಂದರಿನ ಒಂದು ಗಲ್ಲಿ. ಠಸ್ಸೆಯನ್ನೂ ಓದಿದೆ: ಬಾಂಬೆ ಜಿ.ಪಿ.ಓ., 14 ಏಪ್ರಿಲ್ 44, 3-30 ಪಿ.ಎಂ. “ನಿಮ್ಮ ಬಿಸು ಹಬ್ಬದ ಆಸುಪಾಸಿನಲ್ಲಿ ಹಾಕಿದ್ದಾರೆ ನೋಡು” ಎಂದೆ. ಮುಂದಿನ ಭಾನುವಾರ ಹುಡುಗ ಆ ಗಲ್ಲಿಯನ್ನು ಹುಡುಕಿಕೊಂಡು ಹೋದ. ಅಲ್ಲಿ ಗೋದಾಮು ಇತ್ತು. ಖಾನಾವಳಿ ಇದ್ದದ್ದನ್ನು ಬಲ್ಲವರು ಯಾರೂ ಇರಲಿಲ್ಲ. ಒಂದೆರಡು ವಾರದ ಬಳಿಕ ಕಾರ್ಡನ್ನು ತಂದು ನನ್ನ ಮೇಜಿನ ಮೇಲಿಟ್ಟ. “ನಿಮಗೆ ಹಳೇ ಠಸ್ಸೆ ಬೇಕಲ್ಲ ಮಾಸ್ಟ್ರೇ, ಇಟ್ಟುಕೊಳ್ಳಿ. ನನ್ನ ಹತ್ತಿರ ಆದರೆ ಕಳೆದುಹೋಗುತ್ತದೆ.”

ಕಳೆದುಹೋಗಬಾರದೆಂದೇ ಕೊಟ್ಟಿದ್ದ. ಆರನೆಯ ಜಾರ್ಜ್ ದೊರೆಯ ತಲೆ ಅಚ್ಚಾಗಿದ್ದ ಕಾರ್ಡು. ಠಸ್ಸೆ ಅಕ್ಷರವೂ ಮಾಸದೆ ಸ್ಪಷ್ಟವಾಗಿ ಬಿದ್ದಿತ್ತು. ಆ ಭಾನುವಾರವೇ ಕತ್ತರಿಸಿದೆ.

ಮುಂದೆ 1986ರಲ್ಲಿ, ಪ್ರಧಾನ ಅಂಚೆ ಕಚೇರಿಯ ಫಿಲಾಟೆಲಿ ಕೌಂಟರಿನ ಬಳಿ ಒಬ್ಬ ಪಾರ್ಸಿ ಹಿರಿಯರ ಪರಿಚಯವಾಯಿತು. ಠಸ್ಸೆಗಳನ್ನು ಐವತ್ತು ವರ್ಷದಿಂದ ಓದುತ್ತಿದ್ದವರು. ನನ್ನ ಆಲ್ಬಮ್ಮನ್ನು ಭೂತಗನ್ನಡಿ ಹಿಡಿದು ನಿಧಾನವಾಗಿ ತಿರುವುತ್ತ, ಮಾತಿಲ್ಲದೆ ಮೂರು ಪುಟ ದಾಟಿ, ಕೊನೆಗೆ ಹಿಂದಿಯಲ್ಲಿ ಕೇಳಿದರು: “ಮಾಸ್ತರ್, ಮೂಗನ್ನು ಇಟ್ಟುಕೊಂಡು ಮುಖವನ್ನು ಎಸೆದಿರಲ್ಲ?” ಠಸ್ಸೆಯೊಂದೇ ಏನನ್ನೂ ಹೇಳದು, ಯಾರು ಯಾರಿಗೆ ಬರೆದರು, ಎಷ್ಟು ಹಣ ತೆತ್ತರು, ಯಾವ ದಾರಿ ಹಿಡಿಯಿತು, ಎಂದು ತಲುಪಿತು, ಇವೆಲ್ಲ ಇಡೀ ಲಕೋಟೆಯಲ್ಲಿವೆ ಎಂದು ಮಗುವಿಗೆ ಹೇಳುವಂತೆ ತಿಳಿಸಿಕೊಟ್ಟರು. ಆಮೇಲೆ ಅವರ ಬೆರಳು ಒಂದು ಚೌಕದ ಮೇಲೆ ನಿಂತಿತು. 14 ಏಪ್ರಿಲ್ 44. “ಈ ದಿನ ಏನಾಯಿತು ಗೊತ್ತೇ?”

ನನಗೆ ಗೊತ್ತಿರಲಿಲ್ಲ. ನಾವು ಕಲಿಸುತ್ತಿದ್ದ ಯಾವ ಪಠ್ಯದಲ್ಲಿಯೂ ಅದು ಇರಲಿಲ್ಲ. ಆ ದಿನ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ತುಂಬಿದ ಹತ್ತಿಯ ಅಂಡಿಗೆಗಳು, ಚಿನ್ನದ ಗಟ್ಟಿಗಳು. ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. 4 ಗಂಟೆ 6 ನಿಮಿಷಕ್ಕೆ ಒಮ್ಮೆ, ಅರ್ಧ ಗಂಟೆಯೊಳಗೆ ಇನ್ನೊಮ್ಮೆ ಹಡಗು ಸಿಡಿಯಿತು. ಉರಿಯುವ ಹತ್ತಿ ಊರಿನ ಮೇಲೆ ಮಳೆಯಂತೆ ಸುರಿಯಿತು. ಬಂದರಿನ ಸುತ್ತಣ ಗಲ್ಲಿಗಳು ಉರಿದುಹೋದವು. ನೂರಾರು ಜನ ಸತ್ತರು. ಅನೇಕರ ಗುರುತೇ ಸಿಗಲಿಲ್ಲ. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರೇ ಅರವತ್ತಕ್ಕೂ ಹೆಚ್ಚು ಮಂದಿ ಮಡಿದರು. ಯುದ್ಧಕಾಲದ ಸೆನ್ಸಾರಿನಿಂದಾಗಿ ಮೇ ತಿಂಗಳ ಎರಡನೆಯ ವಾರದವರೆಗೆ ಪತ್ರಿಕೆಗಳಲ್ಲಿ ವರದಿ ಬರಲು ಬಿಡಲಿಲ್ಲ. “ಸಿಡಿಯುವುದಕ್ಕೆ ಅರ್ಧ ಗಂಟೆ ಮೊದಲಿನ ಠಸ್ಸೆ. ಇಡೀ ಕಾರ್ಡು ಇದ್ದಿದ್ದರೆ!” ಎಂದು ಅವರು ಆಲ್ಬಮ್ಮು ಮುಚ್ಚಿದರು.

ಆ ಕ್ಷಣದಲ್ಲಿ ಹುಡುಗನ ನೆನಪು ನನಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತು. ಮಸ್ಜಿದ್ ಬಂದರಿನ ಗಲ್ಲಿ, ಗೋದಾಮು, ಕುಂಕುಮ ಅಳಿಸದ ಅಜ್ಜಿ, ಎಲ್ಲವೂ ಬಂದವು. ಅವನಾಗ ಶಾಲೆ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕುರ್ಲಾದಲ್ಲೋ ಮುಲುಂದಿನಲ್ಲೋ ಕ್ಯಾಂಟೀನು ನಡೆಸುತ್ತಾನೆಂದು ಕೇಳಿದ್ದೆ. ಹುಡುಕಿದ್ದರೆ ಒಂದು ವಾರದಲ್ಲಿ ಸಿಗುತ್ತಿದ್ದ. ಹೋಗಿ ಹೇಳಬೇಕಾಗಿತ್ತು: ನಿನ್ನ ಅಜ್ಜ ಯಾರನ್ನೂ ಬಿಟ್ಟು ಓಡಿಹೋದವರಲ್ಲದಿರಬಹುದು, ಅಂದು ಆ ಗಲ್ಲಿಯಲ್ಲಿ ಬೆಂಕಿ ಬಿದ್ದಿತ್ತು, ಎಂದು. ಅಜ್ಜಿ ಆಗ ಬದುಕಿದ್ದರು; 1991ರವರೆಗೆ ಬದುಕಿದ್ದರೆಂದು ಈಗ ತಿಳಿಯಿತು. ನಾನು ಹೋಗಲಿಲ್ಲ. ಹೋದರೆ ಅವನು ಕಾರ್ಡು ಕೇಳುತ್ತಿದ್ದ, ಕತ್ತರಿಸಿದೆನೆಂದು ಹೇಳಬೇಕಾಗುತ್ತಿತ್ತು. ಮಾಸ್ತರನ ಮಾನಕ್ಕೆ ಅಂಜಿದೆ. ಕೆಲಸ, ಪರೀಕ್ಷೆ, ಮಗಳ ಮದುವೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅಷ್ಟೇ ಅಲ್ಲ, ಅದಾದ ಮೇಲೆ ಆ ಚೌಕವನ್ನು ನಾಲ್ಕಾರು ಜನರಿಗೆ ಹೆಮ್ಮೆಯಿಂದ ತೋರಿಸಿದ್ದೂ ಉಂಟು: ಸ್ಫೋಟದ ದಿನದ ಠಸ್ಸೆ ನೋಡಿ, ಅರ್ಧ ಗಂಟೆ ಮೊದಲಿನದು, ಎಂದು.

ಅವನಿಗೆ ವಿಷಯ ತಿಳಿದದ್ದು ಹೇಗೆಂದರೆ, ಆ ದುರಂತದ ನೆನಪಿಗೆ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಈ ವರ್ಷ ಅವನ ಹೋಟೆಲಿನ ಬೀದಿಯಲ್ಲಿ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ಇತ್ತು. ಸಪ್ತಾಹ ಏಕೆಂದು ಅಧಿಕಾರಿಯೊಬ್ಬರು ಮರಾಠಿಯಲ್ಲಿ ವಿವರಿಸುತ್ತಿದ್ದಾಗ, 1944, ಏಪ್ರಿಲ್ 14, ಮಸ್ಜಿದ್ ಬಂದರು ಎಂಬ ಮಾತು ಕಿವಿಗೆ ಬಿತ್ತು. ಐವತ್ತು ವರ್ಷದ ಹಿಂದೆ ನಾನು ಹೇಳಿದ ಬಿಸು ಹಬ್ಬದ ಮಾತು ಅವನಿಗೆ ಅಲ್ಲಿಯೇ ನೆನಪಾಯಿತಂತೆ.

ಮರುದಿನ ನಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದನ್ನೂ, 1986ರ ವಿಷಯವನ್ನೂ. ಆಚೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಹೋಟೆಲಿನ ಪಾತ್ರೆಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, “ಇದ್ದಷ್ಟು ಉಂಟಲ್ಲ ಮಾಸ್ಟ್ರೇ. ನಾನೇ ಬರುತ್ತೇನೆ” ಎಂದ.

ಅವನು ಬರುವುದಕ್ಕೆ ಮೊದಲು ಆ ಚೌಕವನ್ನು ಆಲ್ಬಮ್ಮಿನಿಂದ ಬಿಡಿಸಬೇಕಾಗಿತ್ತು. ಒದ್ದೆ ಬಟ್ಟೆಯ ಹಬೆಯಲ್ಲಿಟ್ಟು ಎರಡು ಗಂಟೆ ಕಷ್ಟಪಟ್ಟೆ. ಕೊನೆಗೆ ಬಿಟ್ಟುಕೊಂಡಿತು. ತಿರುಗಿಸಿ ನೋಡಿದೆ. ಅಂಚೆಕಾರ್ಡಿನಲ್ಲಿ ಚೀಟಿ ಇರುವುದು ವಿಳಾಸದ ಬದಿಯ ಬಲಗಡೆಯ ಮೇಲ್ತುದಿಯಲ್ಲಿ. ಆದ್ದರಿಂದ ಅದರ ಬೆನ್ನಿಗೆ ಇರುವುದು ಒಕ್ಕಣೆಯ ಎಡಗಡೆಯ ಮೇಲ್ತುದಿ, ಅಂದರೆ ಮೊದಲ ಸಾಲುಗಳ ಮೊದಲ ಪದಗಳು. ಐವತ್ತು ವರ್ಷದಿಂದ ಅವು ಗೋಂದಿನ ಕೆಳಗೆ ಇದ್ದವು. ಮಸಿ ಕಂದಾಗಿದ್ದರೂ ಓದಲು ಬರುತ್ತಿತ್ತು. ಒಟ್ಟು ಆರು ಸಾಲಿನ ತುಣುಕು:

ಚಿ. ಸೌ.
ಉಭಯ ಕು
ಸಿದ್ದು ತಲು
ದನಕ್ಕೆ ಹು
ಬೇಡ. ಮಳೆ
ಮೊದಲೇ ಬ

ಎರಡನೆಯ ಸಾಲು ಉಭಯ ಕುಶಲೋಪರಿ. ಮೂರನೆಯದು ಹಣ ಕಳಿಸಿದ್ದು ತಲುಪಿತೇ ಎಂದಿರಬೇಕು. ದನಕ್ಕೆ ಹುಲ್ಲು. ಐದನೆಯದು ಚಿಂತೆ ಬೇಡವೋ, ಸಾಲ ಬೇಡವೋ. ನಾನು ತೊಡಕಿಕೊಂಡದ್ದು ಆರನೆಯ ಸಾಲಿನ ಕೊನೆಯ ಅಕ್ಷರದಲ್ಲಿ. ‘ಮೊದಲೇ ಬರುತ್ತೇನೆ’ ಎಂದಿದ್ದರೆ ಒಂದು ಅರ್ಥ. ‘ಮೊದಲೇ ಬರೆದಂತೆ’ ಎಂದಿದ್ದರೆ ಬೇರೆಯೇ ಅರ್ಥ. ‘ಬ’ಕಾರದ ಬಲಕ್ಕೆ ನನ್ನ ಕತ್ತರಿ ನೇರವಾಗಿ, ಅಂಚು ಕೊಂಚವೂ ಸೊಟ್ಟಗಾಗದಂತೆ ಹಾದುಹೋಗಿದೆ. 1973ರಲ್ಲಿ ನಾನು ವಿಳಾಸ ಓದಿದೆ, ಠಸ್ಸೆ ಓದಿದೆ. ಒಕ್ಕಣೆಯ ಮೇಲೆ ಕಣ್ಣಾಡಿಸಿರಲೇಬೇಕು. ಏನಿತ್ತೆಂಬುದು ನೆನಪಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ.

ಮೇ ತಿಂಗಳಲ್ಲಿ ಅವನು ಧಾರವಾಡಕ್ಕೆ, ನಮ್ಮ ಮನೆಗೆ ಬಂದ. ಕಾಲು ಮುಟ್ಟಲು ಬಗ್ಗಿದಾಗ ನಾನು ಹಿಂದೆ ಸರಿದೆ. ಚೌಕವನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ತಾನೇ ಓದಿದ. ಕೈಬರಹ ಈಗ ಅವನಿಗೆ ಓದಲು ಬರುತ್ತದೆ. ಠಸ್ಸೆಯ ಹೊತ್ತನ್ನು ನೋಡಿ, “ಮೂರೂವರೆಗೆ ಜಿಪಿಓದಲ್ಲಿ ಇದ್ದರೆಂದರೆ, ನಾಲ್ಕು ಗಂಟೆಗೆ ಅಲ್ಲಿ ಇರಲಿಕ್ಕಿಲ್ಲ ಅಲ್ಲವಾ ಮಾಸ್ಟ್ರೇ?” ಎಂದು ಕೇಳಿದ. ಠಸ್ಸೆಯಲ್ಲಿರುವುದು ಡಬ್ಬಿಯಿಂದ ತೆಗೆದ ಕಾಗದಕ್ಕೆ ಮುದ್ರೆ ಒತ್ತುವ ಪಾಳಿಯ ಹೊತ್ತು, ಹಾಕಿದವನ ಹೊತ್ತಲ್ಲ ಎಂದು ಹೇಳಬೇಕಾಯಿತು. ಬೆಳಿಗ್ಗೆಯೇ ಹಾಕಿದ್ದಿರಬಹುದು. ಬೇರೆ ಯಾರ ಕೈಯಲ್ಲೋ ಕೊಟ್ಟು ಹಾಕಿಸಿದ್ದಿರಬಹುದು. ಕಾರ್ಡು ಕಾರ್ಕಳದ ಕಡೆ ತಲುಪಿದ ದಿನದ ಠಸ್ಸೆ ಉಳಿದ ಭಾಗದಲ್ಲಿತ್ತು, ಅದೂ ಹೋಯಿತು ಎಂದೆ. ಅವನು ತಲೆಯಾಡಿಸಿದ. ಕೊನೆಯ ಸಾಲಿನ ಬಗ್ಗೆ ಕೇಳಿದಾಗ ಎರಡು ಅರ್ಥವನ್ನೂ ಹೇಳಿದೆ. ಕೊಂಚ ಯೋಚಿಸಿ, “ಅಜ್ಜಿ ಯಾವಾಗಲೂ ಹೇಳುತ್ತಿದ್ದರು, ಮಳೆಗಾಲಕ್ಕೆ ಬರುತ್ತೇನೆಂದು ಬರೆದಿದ್ದಾರೆ ಅಂತ. ಅವರಿಗೆ ಓದಲು ಬರುತ್ತಿರಲಿಲ್ಲ. ಊರಿನ ಶಾನುಭೋಗರು ಓದಿ ಹೇಳಿದ್ದು” ಎಂದ.

ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟ. ಚೌಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ, ಹದಿನೈದು ವರ್ಷದವನಾಗಿದ್ದಾಗ ಇಟ್ಟುಕೊಂಡಿದ್ದಂತೆಯೇ.

ಆಮೇಲೆ ನಾನು ಆಲ್ಬಮ್ಮುಗಳನ್ನೆಲ್ಲ ಇಳಿಸಿ ಕುಳಿತಿದ್ದೇನೆ. ಇಡಿಯಾಗಿ ಉಳಿದಿರುವ ಲಕೋಟೆ, ಕಾರ್ಡುಗಳು 312. ಕತ್ತರಿಸಿದ ಚೌಕಗಳು 187. ಅವುಗಳಲ್ಲಿ ಅಂಚೆಕಾರ್ಡಿನ ತುಂಡುಗಳು 61. ಒಂದೊಂದನ್ನಾಗಿ ಬಿಡಿಸಿ ಬೆನ್ನ ಮೇಲಿನ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇಂದಿಗೆ ಹತ್ತೊಂಬತ್ತು ಆಗಿವೆ. ಹೆಚ್ಚಿನವು ರದ್ದಿಯಿಂದ ಬಂದವು, ಹತ್ತಿಯ ಧಾರಣೆಯ ಲೆಕ್ಕ. ಕೆಲವು ಹಾಗಲ್ಲ. 1970ರಿಂದ 1978ರವರೆಗೆ ನನ್ನ ತರಗತಿಯಲ್ಲಿದ್ದು, ಮನೆಯ ಹಳೆಯ ಕಾರ್ಡನ್ನೋ ಲಕೋಟೆಯನ್ನೋ ನನಗೆ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅಂತಹವರ ಮಕ್ಕಳು ಓದುತ್ತಿದ್ದರೆ, ದಯವಿಟ್ಟು ತಿಳಿಸಿರಿ. ಯಾವ ಊರಿನಿಂದ ಬಂದದ್ದು, ಸುಮಾರು ಯಾವ ವರ್ಷದ್ದು ಎಂದು ಹೇಳಿದರೆ ಸಾಕು, ಠಸ್ಸೆ ನೋಡಿ ಹುಡುಕಬಲ್ಲೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮನೆಯಲ್ಲಿಯೇ ಇರುತ್ತೇನೆ. ರಾತ್ರಿ ಹತ್ತರ ಮೇಲೆ ಫೋನು ಮಾಡಿದರೂ ಅಡ್ಡಿಯಿಲ್ಲ.